ಇಂಜೆಕ್ಷನ್ ಆದ ಹತ್ತು ನಿಮಿಷಕ್ಕೆ ಕುದುರೆ ಊದಿಕೊಂಡರೆ ಏನು ಮಾಡಬೇಕು?

ಪ್ರಶ್ನೆ: ನಾವು ಕಾರವಾರದ ಹತ್ತಿರದವರು. ಕಡಲತೀರದಲ್ಲಿ ಸವಾರಿಗೆಂದು ಒಂದು ಹೆಣ್ಣು ಕುದುರೆ ಸಾಕಿದ್ದೇವೆ. ಕಾಲಿನ ಗಾಯಕ್ಕೆ ಡಾಕ್ಟರು ಪೆನ್ಸಿಲಿನ್ ಕೊಡುತ್ತಿದ್ದರು. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಇಂಜೆಕ್ಷನ್ ಆಗಿ ಹತ್ತು ನಿಮಿಷಕ್ಕೆ ಕುತ್ತಿಗೆ ತುಂಬಾ ಪಿತ್ತದ ಗಂದೆ ಎದ್ದಿತು, ಕಣ್ಣಿನ ರೆಪ್ಪೆ ಊದಿತು, ಏದುಸಿರು ಬಿಡತೊಡಗಿತು. ಪುಣ್ಯಕ್ಕೆ ಡಾಕ್ಟರು ಇನ್ನೂ ಅಂಗಳದಲ್ಲೇ ಇದ್ದರು, ಬದುಕಿತು. ಅವರು ಹೊರಟುಹೋಗಿದ್ದರೆ ನಾವು ಏನು ಮಾಡಬೇಕಿತ್ತು?

ಉತ್ತರ: ಮೊದಲು ಆ ಡಾಕ್ಟರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಇಂಜೆಕ್ಷನ್ ಕೊಟ್ಟ ಕೂಡಲೇ ಬೈಕ್ ಹತ್ತದೆ ಸ್ವಲ್ಪ ಹೊತ್ತು ನಿಂತರಲ್ಲ, ಅದೇ ನಿಮ್ಮ ಕುದುರೆಯನ್ನು ಉಳಿಸಿದ್ದು. ಇಂಥ ಜೋರು ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲಿ ಶುರುವಾಗುತ್ತದೆ. ಹೆಚ್ಚಿನವು ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಲಸಿಕೆಯಿರಲಿ, ಪೆನ್ಸಿಲಿನ್ ಇರಲಿ, ಟಿಟಾನಸ್ ಮದ್ದಿರಲಿ, ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕುದುರೆಯನ್ನು ಕಣ್ಣೆದುರೇ ಇಟ್ಟುಕೊಳ್ಳಿ. ಡಾಕ್ಟರಿಗೆ ಒಂದು ಲೋಟ ಚಹಾ ಕೊಟ್ಟು ಕೂರಿಸಿಕೊಳ್ಳಿ, ತಪ್ಪೇನಿಲ್ಲ.

ಎರಡು ದಿನ ಸುಮ್ಮನಿದ್ದದ್ದು ಮೂರನೇ ದಿನ ಯಾಕೆ ಹೀಗೆ? ಇದನ್ನು ಬಹಳ ಜನ ಕೇಳುತ್ತಾರೆ. ಅಲರ್ಜಿ ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮೊದಲ ಸಲ ಮೈ ಆ ವಸ್ತುವನ್ನು ಗುರುತಿಟ್ಟುಕೊಳ್ಳುತ್ತದೆ, ಮುಂದೊಂದು ಸಲ ಅದು ಒಳಗೆ ಬಂದಾಗ ಕೆರಳುತ್ತದೆ. ಈ ಗುರುತು ಮೊನ್ನೆಯದೇ ಆಗಿರಬೇಕೆಂದಿಲ್ಲ. ನಿಮ್ಮ ಕುದುರೆ ಹಳೆಯ ಯಜಮಾನರ ಹತ್ತಿರ ಇದ್ದಾಗ ತಗೊಂಡ ಪೆನ್ಸಿಲಿನ್ ಕೂಡ ಕಾರಣ ಆಗಿರಬಹುದು. ಇದನ್ನು ಮೊದಲು ಬಿಡಿಸಿ ಹೇಳಿದವರು ಫ್ರಾನ್ಸಿನ ಪೋರ್ಟಿಯೆ ಮತ್ತು ರಿಷೆ. ನಮ್ಮ ಬಂಡೆಗಳ ಗುಂಡಿಯಲ್ಲಿ ನೀರು ಇಳಿದಾಗ ಹೂವಿನ ಹಾಗೆ ಅರಳಿ ಕೂತಿರುತ್ತದಲ್ಲ ಕಡಲ ಅನಿಮೋನ್, ಅದರ ವಿಷವನ್ನು ಅವರು ನಾಯಿಗಳಿಗೆ ಚುಚ್ಚಿ ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಕೊಟ್ಟ ಸಣ್ಣ ಪ್ರಮಾಣಕ್ಕೇ ಸತ್ತಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಷೆಗೆ 1913ರಲ್ಲಿ ನೊಬೆಲ್ ಬಂತು. ಡಾಕ್ಟರು ಫೋನಿನಲ್ಲಿ ಈ ಹೆಸರು ಹೇಳಿದರೆ ವಿಷಯ ಅವಸರದ್ದು ಎಂದೇ ಅರ್ಥ.

ಈಗ ಮುಖ್ಯ ಮಾತು. ಗಂದೆ ನೋಡಿದರೆ ಎದೆ ಝಲ್ ಅನ್ನುತ್ತದೆ. ನಾಣ್ಯದಷ್ಟು ಅಗಲದ ಉಬ್ಬುಗಳು ಒಂದಕ್ಕೊಂದು ಸೇರಿ ಕೈಯಗಲ ಆಗುತ್ತವೆ. ಆದರೆ ಬರೀ ಗಂದೆಯಿಂದ ಕುದುರೆ ಸಾಯುವುದಿಲ್ಲ. ಅದು ಮೇವು ತಿನ್ನುತ್ತಾ, ಸಮಾಧಾನವಾಗಿ ಉಸಿರಾಡುತ್ತಾ ನಿಂತಿದ್ದರೆ ನಿಮಗೆ ಸಮಯ ಇದೆ, ಡಾಕ್ಟರನ್ನು ಕರೆದು ಕಾಯಬಹುದು. ಜೀವ ಹೋಗುವುದು ಉಸಿರಿನಿಂದ, ರಕ್ತದ ಒತ್ತಡ ಕುಸಿಯುವುದರಿಂದ. ಆದ್ದರಿಂದ ಕಣ್ಣು ಮೂಗಿನ ಮೇಲಿರಲಿ.

ಮೂಗು ಅಂದದ್ದಕ್ಕೆ ಕಾರಣ ಇದೆ. ಕುದುರೆ ಬಾಯಿಂದ ಉಸಿರಾಡಲಾರದು. ನಮಗೆ ಮೂಗು ಕಟ್ಟಿದರೆ ಬಾಯಿ ತೆರೆಯುತ್ತೇವೆ, ನಾಯಿ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತದೆ. ಕುದುರೆಯ ಗಂಟಲಿನ ರಚನೆಯೇ ಬೇರೆ, ಅದಕ್ಕೆ ಮೂಗೊಂದೇ ದಾರಿ. ಮೂತಿ ಊದಿ ಆ ದಾರಿ ಮುಚ್ಚಿದರೆ ಮುಗಿಯಿತು.

ಹೊನ್ನಾವರದ ಕಡೆ ಒಂದು ತೋಟದಲ್ಲಿ ಹೆಜ್ಜೇನು ಕಡಿದ ಕುದುರೆ ನೋಡಲು ಹೋಗಿದ್ದೆ. ಹುಡುಗನೊಬ್ಬ ಹಗ್ಗ ಹಿಡಿದು ಅಳುತ್ತಾ ನಿಂತಿದ್ದ. ಕುದುರೆಯ ತುಟಿ ಜೋತುಬಿದ್ದಿತ್ತು, ಉಸಿರು ಎಳೆದಾಗಲೆಲ್ಲಾ ಗೊರ್ ಎನ್ನುವ ಸದ್ದು. ಹತ್ತಿರ ಹೋಗಿ ನೋಡಿದರೆ ಮುಖಕ್ಕೆ ಕಟ್ಟಿದ್ದ ನೈಲಾನ್ ಪಟ್ಟಿ ಕಾಣುತ್ತಲೇ ಇರಲಿಲ್ಲ. ಊದಿದ ಮಾಂಸದೊಳಗೆ ಹೂತು ಹೋಗಿತ್ತು. ಅದು ಮೂಗಿನ ಮೇಲೆ ಅಡ್ಡಲಾಗಿ ಬಿಗಿದಿತ್ತು. ಬೆರಳು ತೂರಿಸಿ ಚಾಕುವಿನಿಂದ ಪಟ್ಟಿ ಕತ್ತರಿಸಿದೆ. ಆಮೇಲೆ ಇಂಜೆಕ್ಷನ್. ಪಟ್ಟಿ ಬಿಚ್ಚಿದ್ದೊಂದರಿಂದಲೇ ಆ ಗೊರ್ ಸದ್ದು ಅರ್ಧ ಇಳಿದಿತ್ತು. ಅವತ್ತಿನಿಂದ ನಾನು ಫೋನಿನಲ್ಲಿ ಹೇಳುವ ಮೊದಲ ಮಾತು ಇದೇ: ಮುಖದ ಪಟ್ಟಿ ಬಿಚ್ಚಿ, ಕುತ್ತಿಗೆಗೆ ಸಡಿಲವಾಗಿ ಹಗ್ಗ ಹಾಕಿ. ಊತ ಶುರುವಾಗುವಾಗಲೇ ಬಿಚ್ಚಿ, ಆಮೇಲೆ ಬೆರಳು ಹೋಗುವುದಿಲ್ಲ.

ಎರಡನೆಯದು, ಉಸಿರು ಎಣಿಸಿ. ಪಕ್ಕೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಸುಮ್ಮನೆ ನಿಂತ ಆರೋಗ್ಯವಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಅದು 40 ದಾಟಿದೆ, ಮೂಗಿನ ಹೊಳ್ಳೆ ಅಗಲಿಸಿದೆ, ಸದ್ದು ಬರುತ್ತಿದೆ ಅಂದರೆ ಅವಸರ. ಮೇಲ್ತುಟಿ ಎತ್ತಿ ವಸಡು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಬಿಳಿಚಿಕೊಂಡಿದ್ದರೆ, ನೀಲಿಗಟ್ಟಿದ್ದರೆ, ಕುದುರೆ ಬೆವರಿ ನಡುಗುತ್ತಾ ತೂರಾಡುತ್ತಿದ್ದರೆ ಒತ್ತಡ ಇಳಿಯುತ್ತಿದೆ. ಹೊಟ್ಟೆನೋವಿನ ಹಾಗೆ ಕಾಲು ಕೆರೆಯುವುದು, ಭೇದಿಯಾಗುವುದೂ ಇದರ ಲಕ್ಷಣವೇ. ಕುದುರೆಯಲ್ಲಿ ಅಲರ್ಜಿಯ ಹೊಡೆತ ಶ್ವಾಸಕೋಶದ ಜೊತೆ ಕರುಳಿಗೂ ಬೀಳುತ್ತದೆ. ಇದೆಲ್ಲಾ ನೋಡಿಕೊಂಡೇ ಡಾಕ್ಟರಿಗೆ ಫೋನ್ ಮಾಡಿ: ಯಾವ ಮದ್ದು, ಎಷ್ಟು, ಎಷ್ಟು ಹೊತ್ತಿಗೆ ಕೊಟ್ಟದ್ದು, ಉಸಿರು ಎಷ್ಟು, ವಸಡು ಹೇಗಿದೆ. ನಿಮ್ಮ ಡಾಕ್ಟರು ಸಿಗದಿದ್ದರೆ ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962.

ಕುದುರೆಯನ್ನು ನೆರಳಿಗೆ, ಗಾಳಿಯಾಡುವ ಕಡೆ ನಿಲ್ಲಿಸಿ. ನಡೆಸಬೇಡಿ. ಟೆಂಪೋಗೆ ಹತ್ತಿಸಿ ಘಟ್ಟ ಹತ್ತುವ ಯೋಚನೆಯಂತೂ ಬೇಡವೇ ಬೇಡ, ದೇವಿಮನೆ ತಿರುವಿನಲ್ಲಿ ಕುದುರೆ ಕುಸಿದರೆ ಯಾರೂ ಏನೂ ಮಾಡಲಾಗದು. ಅದು ತೂರಾಡುವಾಗ ಪಕ್ಕದಲ್ಲಿ, ಗೋಡೆಗೂ ಅದಕ್ಕೂ ನಡುವೆ ನಿಲ್ಲಬೇಡಿ. ಜೇನು ಕಡಿದದ್ದಾದರೆ ಮೊದಲು ಅಲ್ಲಿಂದ ದೂರ ಸರಿಸಿ, ಮುಳ್ಳುಗಳನ್ನು ಬೇಗ ಕೆರೆದು ತೆಗೆಯಿರಿ.

ಇನ್ನೊಂದು ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಪಿತ್ತದ ಗಂದೆ ಎದ್ದರೆ ಮುರುಗಲು ಪಾನಕ ಕುಡಿಯುತ್ತೇವೆ. ನಾನೂ ಕುಡಿಯುತ್ತೇನೆ, ಒಳ್ಳೆಯದೇ. ಅದೇ ನಂಬಿಕೆಯಲ್ಲಿ ದನಕ್ಕೆ ಮದ್ದು ಹಾಕುವ ಗೊಟ್ಟದಿಂದ ಕುದುರೆಗೂ ಕಷಾಯ ಹೊಯ್ಯುತ್ತಾರೆ. ದಯವಿಟ್ಟು ಬೇಡ. ಗಂಟಲು ಊದಿರುವಾಗ ಹೊಯ್ದದ್ದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ನೀರನ್ನೂ ಹಾಕಬಾರದು.

ಹಾಗಾದರೆ ಮದ್ದು ಯಾವುದು? ಅಡ್ರಿನಲಿನ್. ತುಂಬಾ ಜನ ಅವಿಲ್ ಎಂಬ ಅಲರ್ಜಿ ಮದ್ದು ಕೊಟ್ಟರೆ ಆಯಿತು ಅಂದುಕೊಂಡಿದ್ದಾರೆ. ಅವಿಲ್ ಗಂದೆ, ತುರಿಕೆಗೆ ಸರಿ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮದ್ದು ಊತ ಇಳಿಸುತ್ತದೆ, ಆದರೆ ಅದಕ್ಕೆ ಗಂಟೆಗಳು ಬೇಕು. ನಿಮಿಷಗಳಲ್ಲಿ ಶ್ವಾಸನಾಳ ತೆರೆದು, ಒತ್ತಡ ಏರಿಸಿ ಜೀವ ಹಿಡಿದು ನಿಲ್ಲಿಸುವುದು ಅಡ್ರಿನಲಿನ್ ಒಂದೇ. ಪ್ರಮಾಣದ ವಿಷಯದಲ್ಲೂ ಎಡವುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಆಂಪೂಲಿನಲ್ಲಿ 1 ಎಂಎಲ್, ಅದರಲ್ಲಿ 1 ಮಿಲಿಗ್ರಾಂ ಇರುತ್ತದೆ. ಅದು ಮನುಷ್ಯನಿಗೆ ಸಾಕೋ ಸಾಕು. ಕುದುರೆಗೆ ಕಿಲೋ ತೂಕಕ್ಕೆ 0.01ರಿಂದ 0.02 ಮಿಲಿಗ್ರಾಂ ಲೆಕ್ಕ. ಅಂದರೆ 300 ಕಿಲೋ ಕುದುರೆಗೆ 3ರಿಂದ 6 ಆಂಪೂಲ್. ಈ ಲೆಕ್ಕ ನೋಡಿ ನೀವೇ ಚುಚ್ಚಲು ಹೊರಡಬೇಡಿ, ತಪ್ಪಿದರೆ ಹೃದಯಕ್ಕೆ ಅಪಾಯ. ನಿಮ್ಮ ಡಾಕ್ಟರನ್ನು ಇವತ್ತೇ ಕೇಳಿ: ನಿಮ್ಮ ಬ್ಯಾಗಿನಲ್ಲಿ ಕುದುರೆಗೆ ಸಾಲುವಷ್ಟು ಅಡ್ರಿನಲಿನ್ ಇದೆಯೇ? ನಮ್ಮ ಕಡೆ ಡಾಕ್ಟರುಗಳ ದಿನವೆಲ್ಲಾ ಹಸು, ಎಮ್ಮೆಗಳ ಜೊತೆ ಕಳೆಯುತ್ತದೆ. ಮೊದಲೇ ಕೇಳಿಟ್ಟರೆ ಅವರಿಗೂ ಅನುಕೂಲ. ನಿಮ್ಮ ಕುದುರೆಗೆ ಒಂದು ಸಲ ಆಗಿದೆ ಅಂದ ಮೇಲೆ, ಚೀಟಿ ಬರೆದು, ಎಲ್ಲಿ ಹೇಗೆ ಚುಚ್ಚಬೇಕು ಎಂದು ಕಲಿಸಿ, ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಅವರೇ ಹೇಳಬಹುದು. ಇಟ್ಟುಕೊಂಡರೆ ಬಿಸಿಲು, ಬೆಳಕು ತಾಗದ ಡಬ್ಬಿಯಲ್ಲಿಡಿ. ಬಣ್ಣ ಕಂದಾಗಿದ್ದರೆ ಎಸೆಯಿರಿ.

ಎಲ್ಲಾ ಗಾಬರಿಯೂ ಅಲರ್ಜಿ ಆಗಿರುವುದಿಲ್ಲ. ಪೆನ್ಸಿಲಿನ್ ಜೊತೆ ಪ್ರೋಕೇನ್ ಎಂಬ ಮರಗಟ್ಟಿಸುವ ಮದ್ದು ಸೇರಿರುವ ಔಷಧ ಇದೆ. ಅದು ಮಾಂಸದ ಬದಲು ರಕ್ತನಾಳಕ್ಕೆ ಹೋದರೆ, ಸೂಜಿ ತೆಗೆಯುವಷ್ಟರಲ್ಲೇ ಕುದುರೆ ಹುಚ್ಚೆದ್ದ ಹಾಗೆ ಎಗರುತ್ತದೆ, ಸುತ್ತುತ್ತದೆ, ಬೀಳಲೂಬಹುದು. ಗಂದೆ ಇರುವುದಿಲ್ಲ, ಊತ ಇರುವುದಿಲ್ಲ. ಆಗ ಜನರೆಲ್ಲಾ ದೂರ ಸರಿದು ಸದ್ದಿಲ್ಲದೆ ನಿಲ್ಲಬೇಕು. ಸಾಮಾನ್ಯವಾಗಿ ಕೆಲವು ನಿಮಿಷಕ್ಕೆ ಇಳಿಯುತ್ತದೆ. ಇದಕ್ಕೆ ಅಡ್ರಿನಲಿನ್ ಮದ್ದಲ್ಲ. ನಿಮ್ಮ ಕುದುರೆಗೆ ಹತ್ತು ನಿಮಿಷ ಬಿಟ್ಟು, ಗಂದೆಯ ಜೊತೆ ಬಂದದ್ದರಿಂದ ಅದು ಅಲರ್ಜಿಯೇ. ಹಾಗೆಯೇ ಮೂತಿಯ ಒಂದೇ ಬದಿ ಊದಿ, ಮುಟ್ಟಿದರೆ ನೋವಾಗುತ್ತಿದ್ದರೆ ಹಾವಿನ ಕಡಿತವೂ ಇರಬಹುದು. ಅದನ್ನೂ ಫೋನಿನಲ್ಲಿ ಹೇಳಿ.

ಇಂಜೆಕ್ಷನ್ ಕೆಲಸ ಮಾಡಿತು, ಉಸಿರು ಇಳಿಯಿತು ಅಂತ ಮಲಗಲು ಹೋಗಬೇಡಿ. ಆ ಹೊನ್ನಾವರದ ಕುದುರೆ ಸಂಜೆಗೆ ಮೇವು ಮುಟ್ಟಿತು, ನಾನು ಹೊರಟುಬಂದೆ. ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನ್. ಮದ್ದಿನ ಶಕ್ತಿ ಇಳಿದಂತೆ ಊತ ತಿರುಗಿ ಬಂದಿತ್ತು. ಆ ರಾತ್ರಿ ಹುಡುಗನ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದು ಪಕ್ಕೆ ಎಣಿಸಿದೆವು. ಒಂದು ದಿನ ಪೂರ್ತಿ ಯಾರಾದರೂ ಒಬ್ಬರು ಜೊತೆಗಿರಬೇಕು, ಗಂಟೆಗೊಮ್ಮೆ ಉಸಿರು ಎಣಿಸಿ ಬರೆದಿಡಬೇಕು.

ಇನ್ನು ಮುಂದೆ ಪೆನ್ಸಿಲಿನ್ ಕೊಡಬಹುದೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಡ. "ಸ್ವಲ್ಪ ಕೊಟ್ಟು ನೋಡೋಣ" ಎನ್ನುವುದೂ ಬೇಡ. ಗಾಯಕ್ಕೆ ಬೇರೆ ಜಾತಿಯ ಆಂಟಿಬಯೋಟಿಕ್‌ಗಳಿವೆ. ಆ ಬಾಟಲಿಯನ್ನು ಇನ್ನೂ ಎಸೆದಿಲ್ಲವಲ್ಲ? ಲೇಬಲ್ಲಿನ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಒಂದು ರಟ್ಟಿನ ಮೇಲೆ ಮದ್ದಿನ ಹೆಸರು, ತಾರೀಕು, ಏನಾಯಿತು ಎಂದು ದೊಡ್ಡದಾಗಿ ಬರೆದು ಲಾಯದ ಕಂಬಕ್ಕೆ ಕಟ್ಟಿ. ನೀವು ಊರಲ್ಲಿಲ್ಲದ ದಿನ ಹೊಸ ಡಾಕ್ಟರು ಬಂದರೆ ಸೂಜಿ ತುಂಬುವ ಮೊದಲು ಅವರ ಕಣ್ಣಿಗೆ ಅದು ಬೀಳಬೇಕು.