ಕೊಳದಲ್ಲಿ ಕಲಿತವರ ಮೊದಲ ಕಡಲ ಈಜು

ಈಜುಕೊಳದಲ್ಲಿ ನಿಲ್ಲದೆ 1 ಕಿ.ಮೀ. ಈಜಬಲ್ಲೆ, ಸಮುದ್ರ ಈಜಿನ ಸ್ಪರ್ಧೆಗೆ ಹೆಸರು ಕೊಡಬಹುದೇ ಎಂದು ಕೇಳಿಕೊಂಡು ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವರು ಮಂಗಳೂರಿನಲ್ಲಿ ನನ್ನ ಬಳಿ ಬರುತ್ತಾರೆ. ಹೆಚ್ಚಿನವರು ಮೂವತ್ತೈದು ದಾಟಿದವರು. ಕೆಲಸ, ಸಂಸಾರಗಳ ನಡುವೆ ಬೆಳಗಿನ ಒಂದು ಗಂಟೆಯನ್ನು ಉಳಿಸಿಕೊಂಡು ಶ್ರದ್ಧೆಯಿಂದ ಈಜು ಕಲಿತವರು. ಅವರ ಮುಂದೆ ನಾನು ಮೊದಲು ಒಂದು ಲೆಕ್ಕವನ್ನು ಇಡುತ್ತೇನೆ. 25 ಮೀಟರ್ ಕೊಳದಲ್ಲಿ 1 ಕಿ.ಮೀ. ಈಜುವಾಗ 39 ಸಲ ಗೋಡೆ ಸಿಗುತ್ತದೆ. ಪ್ರತಿ ಸಲ ಗೋಡೆಯನ್ನು ಒದ್ದು 4 ಮೀಟರ್ ಜಾರಿದರೂ 156 ಮೀಟರ್ ದೂರವನ್ನು ಕೈ ಬೀಸದೆಯೇ ಕ್ರಮಿಸಿದಂತಾಯಿತು. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ತಿರುಗುವ ಆ ಒಂದೆರಡು ಕ್ಷಣಗಳಲ್ಲಿ ಭುಜಕ್ಕೆ ಬಿಡುವು ಸಿಗುತ್ತದೆ ಮತ್ತು ಬೇಕೆಂದರೆ ನಿಲ್ಲಬಹುದು ಎಂಬ ಧೈರ್ಯ ಮನಸ್ಸಿಗೆ ಇರುತ್ತದೆ. ಕಡಲಿನಲ್ಲಿ ಇವೆರಡೂ ಇಲ್ಲ. ಆದ್ದರಿಂದ ತಯಾರಿ ಎಂದರೆ ಮುಖ್ಯವಾಗಿ ಗೋಡೆಯ ಅಭ್ಯಾಸವನ್ನು ಬಿಡಿಸುವುದು ಎಂದು ನಾನು ತಿಳಿದುಕೊಂಡಿದ್ದೇನೆ.

ಮೊದಲ ಆರು ವಾರಗಳ ಕೆಲಸ ಕೊಳದಲ್ಲೇ ನಡೆಯುತ್ತದೆ. ಗೋಡೆ ಎರಡು ಮೀಟರ್ ದೂರದಲ್ಲಿರುವಾಗಲೇ ಅದನ್ನು ಮುಟ್ಟದೆ ತಿರುಗಿ ಈಜಲು ಹೇಳುತ್ತೇನೆ. ಒದೆತದ ನೆರವಿಲ್ಲದೆ ನಿಂತ ನೀರಿನಲ್ಲಿ ಮತ್ತೆ ವೇಗ ಹಿಡಿಯಬೇಕಾದಾಗ, ಸಾವಿರ ಮೀಟರ್ ಸಲೀಸಾಗಿ ಮುಗಿಸುತ್ತಿದ್ದವರು ಮುನ್ನೂರಕ್ಕೇ ಏದುಸಿರು ಬಿಡುತ್ತಾರೆ. ಎರಡನೆಯದು, ಕಣ್ಣು ಮುಚ್ಚಿ ಹತ್ತು ಬಾರಿ ಕೈ ಬೀಸಿ ಈಜುವ ಅಭ್ಯಾಸ. ಕೊಳದ ತಳದಲ್ಲಿರುವ ಕಪ್ಪು ಪಟ್ಟೆ ಕಾಣದಿದ್ದಾಗ ಪ್ರತಿಯೊಬ್ಬರೂ ಯಾವುದಾದರೂ ಒಂದು ಬದಿಗೆ ವಾಲುತ್ತಾರೆ, ಸಾಮಾನ್ಯವಾಗಿ ಒಂದು ಕೈ ಇನ್ನೊಂದಕ್ಕಿಂತ ಹೆಚ್ಚು ನೀರನ್ನು ಎಳೆಯುವುದೇ ಇದಕ್ಕೆ ಕಾರಣ. ತಾನು ಎಡಕ್ಕೆ ಹೋಗುವವನೋ ಬಲಕ್ಕೆ ಹೋಗುವವನೋ ಎಂಬುದು ಸ್ಪರ್ಧೆಯ ದಿನಕ್ಕೆ ಮೊದಲೇ ಗೊತ್ತಿರಬೇಕು.

ದಿಕ್ಕು ನೋಡಿಕೊಳ್ಳುವ ಕ್ರಮಕ್ಕೆ ಹೆಚ್ಚು ಸಮಯ ಕೊಡಬೇಕು. ಹೊಸಬರು ಇಡೀ ತಲೆಯನ್ನು ಎತ್ತಿ ನೋಡುತ್ತಾರೆ. ತಲೆ ಮೇಲೆ ಬಂದಷ್ಟೂ ಸೊಂಟ ಮತ್ತು ಕಾಲು ಕೆಳಕ್ಕೆ ಹೋಗುತ್ತವೆ, ವೇಗ ಕುಸಿಯುತ್ತದೆ, ಕತ್ತು ನೋಯುತ್ತದೆ. ಮೊಸಳೆಯಂತೆ ಕಣ್ಣಿನವರೆಗೆ ಮಾತ್ರ ನೀರಿನ ಮೇಲೆ ತಂದು ನೋಡಿ, ಆಮೇಲೆ ಮುಖವನ್ನು ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳಬೇಕು. ಅಲೆ ನಮ್ಮನ್ನು ಮೇಲಕ್ಕೆ ಎತ್ತಿದಾಗಲೇ ನೋಡಬೇಕು, ಏಕೆಂದರೆ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ನೀರಿನ ಹೊರತು ಏನೂ ಕಾಣುವುದಿಲ್ಲ. ಗುರುತಿಗೆ ತೇಲಿಬಿಟ್ಟ ಬೋಯಾವನ್ನೇ ಹುಡುಕುವುದಕ್ಕಿಂತ, ದಡದ ಕಡೆಗೆ ಬರುವಾಗ ಅದರ ಹಿಂದೆ ಕಾಣುವ ತೆಂಗಿನ ಗುಂಪನ್ನೋ ನೀರಿನ ಟ್ಯಾಂಕನ್ನೋ ಗುರುತಾಗಿ ಇಟ್ಟುಕೊಳ್ಳುವುದು ಹೆಚ್ಚು ಸುಲಭ.

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಈಜುವವರ ಪಾಲಿಗೆ ಕಡಲು ಇನ್ನೂ ಹೆಚ್ಚು ಕಾಲ ಮುಚ್ಚಿರಬೇಕು. ನವೆಂಬರಿಗೆ ಮುಂಚೆ ನಾನು ಯಾರನ್ನೂ ಇಳಿಸುವುದಿಲ್ಲ. ಬೆಳಗಿನ ಹೊತ್ತು ಗಾಳಿ ಕಡಿಮೆ, ಬಿಸಿಲೇರಿದಂತೆ ಕಡಲ ಗಾಳಿ ಎದ್ದು ನೀರು ಕದಡುತ್ತದೆ. ಉಬ್ಬರ–ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಕಳೆದ ಭಾನುವಾರದ ಆರು ಗಂಟೆಯ ಕಡಲು ಈ ಭಾನುವಾರದ ಆರು ಗಂಟೆಗೆ ಇರುವುದಿಲ್ಲ. ಅಳಿವೆಯ ಬಳಿ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ನದಿಯ ನೀರೂ ಕಡಲಿನ ನೀರೂ ಸೇರಿ ಹೊರಕ್ಕೆ ಎಳೆಯುತ್ತವೆ. ಅಲ್ಲಿ ಎಷ್ಟೇ ಪಳಗಿದವರೂ ಇಳಿಯಕೂಡದು.

ಸೆಳೆತದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲೆಗಳು ದಡಕ್ಕೆ ತಂದು ತುಂಬಿದ ನೀರು ಮರಳದಿಬ್ಬಗಳ ನಡುವಿನ ಕಿರಿದಾದ ದಾರಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರಿನ ಬಣ್ಣ ತುಸು ಗಾಢ. ಇಡೀ ತೀರದಲ್ಲಿ ಶಾಂತವಾಗಿರುವ ಜಾಗ ಇದೊಂದೇ ಎಂದು ಕಂಡು ಹೊಸಬರು ಸರಿಯಾಗಿ ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆಯಿರುವ ಜಾಗ ತಲುಪಿದ ಮೇಲೆ ಒಳಕ್ಕೆ ತಿರುಗಬೇಕು. ಒಬ್ಬರೇ ಇಳಿಯಬಾರದು, ಜೊತೆಗೆ ದೋಣಿಯಿರಬೇಕು, ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ತುಂಬಿದ ತೇಲುಚೀಲ ಕಟ್ಟಿರಬೇಕು. ಹಳ್ಳಿಯ ಬಾವಿಗಳಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ.

ಕಳೆದ ಹಂಗಾಮಿನಲ್ಲಿ ಬಂದ ಶಿಕ್ಷಕಿಯೊಬ್ಬರು ಕೊಳದಲ್ಲಿ 1 ಕಿ.ಮೀ. ದೂರವನ್ನು 27 ನಿಮಿಷಕ್ಕೆ ಈಜುತ್ತಿದ್ದರು. ಕಡಲಿಗೆ ಇಳಿದ ಮೊದಲ ದಿನ ಐವತ್ತು ಮೀಟರ್ ಹೋಗುವಷ್ಟರಲ್ಲಿ ನಿಂತು, "ಸರ್, ನನ್ನ ಕೈಯೇ ನನಗೆ ಕಾಣುತ್ತಿಲ್ಲ" ಎಂದರು. ಅವರ ಮುಖ ಬಿಳುಚಿತ್ತು, ಉಸಿರನ್ನು ಮೇಲಿಂದ ಮೇಲೆ ಎಳೆದುಕೊಳ್ಳುತ್ತಿದ್ದರೇ ಹೊರತು ಬಿಡುತ್ತಿರಲಿಲ್ಲ. ಹೆದರಿದವರೆಲ್ಲ ಹೀಗೆಯೇ ಮಾಡುತ್ತಾರೆ. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಇಂಗಾಲದ ಡೈಆಕ್ಸೈಡ್ ಉಳಿದು ಎದೆ ಬಿಗಿಯುತ್ತದೆ. ಉಸಿರು ಸಾಲದೆಂದು ಇನ್ನಷ್ಟು ಎಳೆಯುತ್ತಾರೆ, ಬಿಗಿತ ಇನ್ನಷ್ಟು ಹೆಚ್ಚುತ್ತದೆ. ಅಂದು ನಾನು ಅವರನ್ನು ಮುಂದೆ ಈಜಿಸಲಿಲ್ಲ. ಅಂಗಾತ ತೇಲಿ, ಬಾಯಿಯಿಂದ ಉದ್ದಕ್ಕೆ ಉಸಿರು ಬಿಡುವುದನ್ನು ಎಣಿಸಿಕೊಂಡು ಮೂವತ್ತು ಸಲ ಮಾಡಿಸಿದೆ. ಉಪ್ಪುನೀರು ಕೊಳದ ನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ ಎಂಬುದು ಅವರ ಮೈಗೆ ಅರಿವಾದದ್ದು ಆಗಲೇ. ಮುಂದಿನ ಐದು ವಾರ ಪ್ರತಿ ಬಾರಿ ಈಜುವ ಮೊದಲು ಇದನ್ನೇ ಮಾಡಿಸಿದೆ.

ಸ್ಪರ್ಧೆಗೆ ಅವರು ಆರಿಸಿಕೊಂಡದ್ದು ಮಹಾರಾಷ್ಟ್ರದ ಮಾಲ್ವಣದ ಚಿವ್ಲಾ ತೀರದಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ಸಮುದ್ರ ಈಜು. ಬೆಳಗಾವಿಯ ಈಜುಗಾರರೂ ಹೋಗುವ ಜಾಗ ಅದು. ಬೆಳಿಗ್ಗೆ ಕತ್ತು ಮತ್ತು ಕಂಕುಳಿಗೆ ವ್ಯಾಸಲೀನ್ ಹಚ್ಚಿಸಿದೆ, ಏಕೆಂದರೆ ಉಪ್ಪುನೀರಿನಲ್ಲಿ ಉಡುಪಿನ ಅಂಚು ಉಜ್ಜಿ ಚರ್ಮ ಸುಲಿಯುತ್ತದೆ. ಹಚ್ಚುವುದನ್ನು ಬೇರೆಯವರಿಗೆ ಬಿಡಬೇಕು. ಅದೇ ಕೈಯಲ್ಲಿ ಗಾಗಲ್ಸ್ ಮುಟ್ಟಿದರೆ ಗಾಜು ಮಬ್ಬಾಗಿ ದಾರಿಯೇ ಕಾಣದು. ಜೆಲ್ಲಿ ಮೀನು ತಗುಲಿದರೆ ಮರಳಿನಿಂದ ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಿಂದಲೇ ತೊಳೆಯಬೇಕೆಂದು ನೆನಪಿಸಿದೆ. ಶಿಳ್ಳೆ ಊದಿದಾಗ ಗುಂಪು ನುಗ್ಗಲಿ, ನೀವು ಅಂಚಿನಲ್ಲಿ ನಿಂತು ಹತ್ತು ಎಣಿಸಿ ಹೊರಡಿ ಎಂದಿದ್ದೆ. ಮೊದಲ ಇನ್ನೂರು ಮೀಟರ್‌ಗಳಲ್ಲಿ ಪಕ್ಕದವರ ಕೈಕಾಲು ತಗಲುವುದರಿಂದ, ಉತ್ಸಾಹದಲ್ಲಿ ವೇಗ ಮಿತಿಮೀರುವುದರಿಂದ ಕೈಚೆಲ್ಲುವವರೇ ಹೆಚ್ಚು.

ಮೊದಲ ಬೋಯಾದ ಬಳಿ ಅವರ ತೇಲುಚೀಲ ನಿಂತಿದ್ದು ದಡದಿಂದ ನನಗೆ ಕಾಣಿಸಿತು. ರಕ್ಷಣಾ ದೋಣಿಯವರು ಹತ್ತಿರ ಹೋದರು, ಆದರೆ ಶಿಕ್ಷಕಿ ನೆರವು ಕೇಳಿ ಕೈ ಎತ್ತಲಿಲ್ಲ. ಅಂಗಾತ ತೇಲುತ್ತಿದ್ದಾರೆ, ಉಸಿರು ಎಣಿಸುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಒಂದೂವರೆ ನಿಮಿಷದ ಮೇಲೆ ಕಿತ್ತಳೆ ಚೀಲ ಮತ್ತೆ ಚಲಿಸಿತು. ದಡ ಸಮೀಪಿಸಿದಾಗ ಸೊಂಟಮಟ್ಟದ ನೀರಿನಲ್ಲಿ ಹಲವರು ಎದ್ದು ನಡೆಯತೊಡಗಿ, ಹಿಂದಿನಿಂದ ಬಂದ ಅಲೆಗೆ ಮುಗ್ಗರಿಸಿದರು. ಇವರು ಬೆರಳಿಗೆ ಮರಳು ತಗಲುವವರೆಗೂ ಈಜಿ, ಆಮೇಲೆ ನಿಧಾನವಾಗಿ ಎದ್ದರು. ಅರ್ಧ ಗಂಟೆ ಮಲಗಿದ ಭಂಗಿಯಲ್ಲಿದ್ದು ಒಮ್ಮೆಲೇ ನಿಂತರೆ ತಲೆ ತಿರುಗುವುದು ಸಹಜ. ಗಡಿಯಾರ 33 ನಿಮಿಷ ತೋರಿಸುತ್ತಿತ್ತು, ಕೊಳಕ್ಕಿಂತ 6 ನಿಮಿಷ ಹೆಚ್ಚು. ಒಂದೂವರೆ ನಿಮಿಷ ಆ ಬೋಯಾದ ಬಳಿ ಕಳೆಯಿತು, ಉಳಿದದ್ದು ಅಲೆಗೆ, ಅಡ್ಡದಾರಿಗೆ ಮತ್ತು ಅಲ್ಲಿ ಇಲ್ಲದಿದ್ದ ಆ 39 ಗೋಡೆಗಳಿಗೆ ಸಂದಿತು.