ಮರೆವಿಗೆ ಲೆಕ್ಕ ಬರೆಯುವ ಆಂಕಿ

ಕಾಲೇಜು ವಿದ್ಯಾರ್ಥಿಗಳಿಗೆ ಉಪಯುಕ್ತವಾದ ತಂತ್ರಾಂಶಗಳು ಯಾವುವು ಎಂದು ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಕಾಗದ, ಪೆನ್ನು, ಕ್ಯಾಲ್ಕ್ಯುಲೇಟರುಗಳ ಕೆಲಸವನ್ನೇ ಪರದೆಯ ಮೇಲೆ ಮಾಡಿಕೊಡುವಂಥವು. ಟಿಪ್ಪಣಿಗೆ ಒಂದು, ಪ್ರಾಜೆಕ್ಟ್ ವರದಿ ಟೈಪು ಮಾಡುವುದಕ್ಕೆ ಒಂದು, ಪಿಡಿಎಫ್ ಜೋಡಿಸುವುದಕ್ಕೆ ಮತ್ತೊಂದು. ಅವೆಲ್ಲ ಬೇಕಾದವೇ, ಅವುಗಳ ಬಗ್ಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ಆದರೆ ನೋಟ್‌ಬುಕ್ಕು ಎಷ್ಟೇ ದಪ್ಪವಿದ್ದರೂ ಅದರಿಂದ ಆಗದ ಕೆಲಸವೊಂದಿದೆ: ತನ್ನೊಳಗಿರುವ ಸಾವಿರ ಸಂಗತಿಗಳ ಪೈಕಿ ಯಾವುದನ್ನು ನೀವು ಇವತ್ತೋ ನಾಳೆಯೋ ಮರೆಯಲಿದ್ದೀರಿ ಎಂದು ಲೆಕ್ಕ ಹಾಕಿ, ಅದೊಂದನ್ನೇ ಹೆಕ್ಕಿ ನಿಮ್ಮ ಮುಂದೆ ಹಿಡಿಯುವುದು. ಆ ಕೆಲಸವನ್ನು ಮಾಡುವ ತಂತ್ರಾಂಶದ ಹೆಸರು ಆಂಕಿ.

ಆಸ್ಟ್ರೇಲಿಯಾದ ಡೇಮಿಯನ್ ಎಲ್ಮ್ಸ್ ಜಪಾನಿ ಭಾಷೆ ಕಲಿಯುವ ತಮ್ಮ ಅನುಕೂಲಕ್ಕೆಂದು 2006ರಲ್ಲಿ ಇದನ್ನು ಹೊರತಂದರು. ಜಪಾನಿಯಲ್ಲಿ 'ಆಂಕಿ' ಎಂದರೆ ಕಂಠಪಾಠ. ಕನ್ನಡಿಗರ ಕಿವಿಗೆ ಅದು 'ಅಂಕಿ'ಯಂತೆ ಕೇಳಿಸಿದರೆ ಅದೂ ತಪ್ಪಲ್ಲ, ಏಕೆಂದರೆ ಇದರ ಹೊಟ್ಟೆಯಲ್ಲಿರುವುದು ಬರೀ ಅಂಕಿಗಳೇ. ಹೊರಗಿನಿಂದ ನೋಡಿದರೆ ಇದು ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರವಿರುವ ಕಾರ್ಡುಗಳ ಕಟ್ಟು. ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು ಕಾರ್ಡು ತಿರುಗಿಸಿ, ಎಷ್ಟು ಸಲೀಸಾಗಿ ನೆನಪಾಯಿತು ಎಂಬುದಕ್ಕೆ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತ, ಐಫೋನಿನಲ್ಲಿ ಮಾತ್ರ ಹಣ ಕೊಡಬೇಕು. ಬಳಕೆಯ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ. ಆ ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವ ಲೆಕ್ಕ ಮತ್ತು ಅದರ ಹಿಂದಿರುವ ನೂರನಲವತ್ತು ವರ್ಷಗಳ ಕಥೆ ನನ್ನನ್ನು ಸೆಳೆದದ್ದು.

ನೆನಪೆಂದರೆ ಕೊಡವಿದ್ದಂತೆ, ಎಷ್ಟು ಸಲ ಸುರಿದರೆ ಅಷ್ಟು ತುಂಬುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಪರೀಕ್ಷೆ ಹತ್ತಿರ ಬಂದಂತೆ ಮನೆಯವರು ಒಂದೆಲಗದ ತಂಬುಳಿ ಮಾಡುತ್ತಾರೆ, ಅಂಗಡಿಯವರು ಜ್ಞಾಪಕಶಕ್ತಿಯ ಟಾನಿಕ್ ಮಾರುತ್ತಾರೆ, ವಿದ್ಯಾರ್ಥಿ ಅದೇ ಪುಟವನ್ನು ಏಳನೆಯ ಸಲ ಓದುತ್ತಾ ಎಲ್ಲ ಸಾಲುಗಳಿಗೂ ಹಳದಿ ಬಳಿಯುತ್ತಾನೆ. ತಂಬುಳಿಯ ರುಚಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಹಳದಿ ಪೆನ್ನಿನ ಬಗ್ಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲಾಸ್ಕಿ ಮತ್ತು ಅವರ ಸಂಗಡಿಗರು ಹತ್ತು ಬಗೆಯ ಓದುವ ಕ್ರಮಗಳ ಬಗೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮತ್ತೆ ಮತ್ತೆ ಓದುವುದು ಮತ್ತು ಗೆರೆ ಎಳೆಯುವುದು ಎರಡೂ ಕಡಿಮೆ ಪ್ರಯೋಜನದ ಸಾಲಿಗೆ ಬಿದ್ದವು. ಹೆಚ್ಚು ಪ್ರಯೋಜನದ ಸಾಲಿಗೆ ಸೇರಿದ್ದು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಅಭ್ಯಾಸವನ್ನು ದಿನಗಳ ನಡುವೆ ಹಂಚುವುದು. ಆಂಕಿ ಮಾಡುವುದು ಈ ಎರಡನ್ನೇ.

ಕಥೆ ಶುರುವಾಗುವುದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅವರಿಂದ. ಮರೆವನ್ನು ಅಳೆಯಬೇಕೆಂದು ಹೊರಟ ಅವರಿಗೆ ಮೊದಲು ಎದುರಾದ ತೊಡಕು, ಪದಗಳಿಗೆ ಅರ್ಥವಿರುವುದು. ಅರ್ಥವಿರುವ ಪದ ಹಳೆಯ ನೆನಪುಗಳಿಗೆ ಜೋತುಬೀಳುತ್ತದೆ, ಅಳತೆ ಕೆಡುತ್ತದೆ. ಆದ್ದರಿಂದ ಅವರು ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2300 ಅರ್ಥಹೀನ ಉಚ್ಚಾರಗಳನ್ನು ತಯಾರಿಸಿಕೊಂಡು, ಅವುಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಬಿಟ್ಟು, ಮತ್ತೆ ಕಲಿತು, ಪ್ರತಿ ಸಲವೂ ಎಷ್ಟು ಸಮಯ ಹಿಡಿಯಿತೆಂದು ಬರೆದಿಟ್ಟರು. ಪ್ರಯೋಗಾಲಯವೂ ಅವರೇ, ಪ್ರಯೋಗಪಶುವೂ ಅವರೇ. 1885ರಲ್ಲಿ ಅವರು ಪ್ರಕಟಿಸಿದ ಅಂಕಿಗಳನ್ನು ಇಂದಿಗೂ ಎಲ್ಲರೂ ಉದ್ಧರಿಸುತ್ತಾರೆ, ಬಹುಪಾಲು ಜನ ತಪ್ಪಾಗಿ ಉದ್ಧರಿಸುತ್ತಾರೆ.

'ಓದಿದ್ದರಲ್ಲಿ ಮೂರನೇ ಎರಡು ಭಾಗ ಒಂದೇ ದಿನದಲ್ಲಿ ಮರೆತುಹೋಗುತ್ತದೆ' ಎಂಬ ಚಿತ್ರವನ್ನು ನೀವೂ ನೋಡಿರಬಹುದು. ಎಬ್ಬಿಂಗ್‌ಹೌಸ್ ಹೇಳಿದ್ದು ಹಾಗಲ್ಲ. ಅವರು ಅಳೆದದ್ದು ಉಳಿತಾಯವನ್ನು, ಅಂದರೆ ಎರಡನೆಯ ಸಲ ಕಲಿಯುವಾಗ ಎಷ್ಟು ಸಮಯ ಮಿಕ್ಕಿತು ಎಂಬುದನ್ನು. ಮೊದಲು ಸಾವಿರ ಸೆಕೆಂಡು ಹಿಡಿದಿದ್ದ ಸಾಲು ಮರುದಿನ 660 ಸೆಕೆಂಡಿನಲ್ಲಿ ಬಾಯಿಗೆ ಬಂದರೆ ಉಳಿತಾಯ ಶೇಕಡ 34. ಮೊದಲ ಯತ್ನದಲ್ಲಿ ಒಂದು ಉಚ್ಚಾರವೂ ನೆನಪಾಗದಿದ್ದರೂ ಉಳಿತಾಯ ಇರಬಲ್ಲದು, ಮರೆತೆವೆಂದುಕೊಂಡದ್ದರ ಬೇರು ಒಳಗೆ ಇದ್ದೇ ಇರುತ್ತದೆ ಎಂಬುದು ಇದರ ಸ್ವಾರಸ್ಯ. ಇಪ್ಪತ್ತು ನಿಮಿಷದ ಅನಂತರ ಶೇಕಡ 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಆರು ದಿನಕ್ಕೆ 25, ಮೂವತ್ತೊಂದು ದಿನಕ್ಕೆ 21. ಮೊದಲ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ, ಆರನೆಯ ದಿನದಿಂದ ಮೂವತ್ತೊಂದನೆಯ ದಿನದವರೆಗೆ ಹೋಗುವುದು ನಾಲ್ಕೇ ನಾಲ್ಕು. ಹಳೆಯದಾದಷ್ಟೂ ನೆನಪು ನಿಧಾನವಾಗಿ ಕರಗುತ್ತದೆ.

ನನಗೆ ಇದಕ್ಕಿಂತಲೂ ಹಿಡಿಸಿದ್ದು ಅದೇ ಕೃತಿಯಲ್ಲಿರುವ, ಯಾರೂ ಚಿತ್ರ ಬರೆದು ಹಂಚದ ಇನ್ನೊಂದು ಫಲಿತಾಂಶ. ಹನ್ನೆರಡು ಉಚ್ಚಾರಗಳ ಸಾಲುಗಳನ್ನು ಹಿಂದಿನ ಒಂದೇ ದಿನ 68 ಸಲ ಉರು ಹೊಡೆದಾಗ ಸಿಕ್ಕಷ್ಟೇ ಫಲ, ಹಿಂದಿನ ಮೂರು ದಿನಗಳಿಗೆ ಹಂಚಿ 38 ಸಲ ಹೇಳಿಕೊಂಡಾಗಲೂ ಸಿಕ್ಕಿತು. ಮೂವತ್ತು ಆವರ್ತನಗಳು ಬಿಟ್ಟಿ! ರಾತ್ರಿಯಿಡೀ ಕೂತು ಓದುವ ಪದ್ಧತಿಗೆ ಹಾಕಬಹುದಾದ ಇದಕ್ಕಿಂತ ಖಚಿತವಾದ ಬೆಲೆಪಟ್ಟಿಯನ್ನು ನಾನು ಕಂಡಿಲ್ಲ.

ಹೀಗೇಕೆ? ಹಗ್ಗ ಉಜ್ಜಿ ಉಜ್ಜಿ ಬಾವಿಯ ಕಲ್ಲು ಸವೆಯುವ ಹಾಗೆ ಅಭ್ಯಾಸದಿಂದ ವಿದ್ಯೆ ಬರುತ್ತದೆ ಎನ್ನುವ ಹೋಲಿಕೆ ನಮ್ಮಲ್ಲಿ ಹಳೆಯದು, ಆದರೆ ಇಲ್ಲಿ ದಾರಿ ತಪ್ಪಿಸುತ್ತದೆ. ಕಲ್ಲಿಗೆ ಪ್ರತಿಯೊಂದು ಉಜ್ಜೂ ಒಂದೇ, ಬೆಳಿಗ್ಗೆ ನೂರು ಸಲ ಎಳೆದರೂ ನೂರು ದಿನ ಒಂದೊಂದು ಸಲ ಎಳೆದರೂ ಸವೆತ ಅಷ್ಟೇ. ನೆನಪು ಗೋಡೆಗೆ ಸುಣ್ಣ ಬಳಿಯುವುದಕ್ಕೆ ಹತ್ತಿರ. ಹಸಿ ಸುಣ್ಣದ ಮೇಲೆ ಎರಡನೆಯ ಕೋಟು ಎಳೆದರೆ ಕುಂಚದ ಜೊತೆಗೆ ಮೊದಲಿನದೂ ಕಿತ್ತುಬರುತ್ತದೆ, ಒಣಗಿದ ಮೇಲೆ ಬಳಿದದ್ದು ಹಿಡಿದು ನಿಲ್ಲುತ್ತದೆ. ಈ ಹೋಲಿಕೆಯೂ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಸುಣ್ಣ ಪೂರ್ತಿ ಉದುರುವ ತನಕ ಯಾರೂ ಕಾಯುವುದಿಲ್ಲ, ನೆನಪಿಗಾದರೋ ಇನ್ನೇನು ಉದುರುತ್ತದೆ ಎನ್ನುವ ಘಳಿಗೆಯೇ ಪ್ರಶಸ್ತ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ದಂಪತಿ 1992ರಲ್ಲಿ ಮಂಡಿಸಿದ ವಿವರಣೆ ಇದನ್ನು ಚೆನ್ನಾಗಿ ಬಿಡಿಸುತ್ತದೆ. ಅವರ ಪ್ರಕಾರ ಪ್ರತಿಯೊಂದು ನೆನಪಿಗೂ ಎರಡು ಬೇರೆ ಬೇರೆ ಬಲಗಳಿವೆ. ಒಂದು, ಅದು ಎಷ್ಟು ಆಳವಾಗಿ ಬೇರೂರಿದೆ ಎಂಬುದು; ಇನ್ನೊಂದು, ಈ ಕ್ಷಣ ಅದು ಎಷ್ಟು ಸುಲಭವಾಗಿ ಕೈಗೆಟುಕುತ್ತದೆ ಎಂಬುದು. ನಿನ್ನೆ ಉಳಿದುಕೊಂಡ ಹೋಟೆಲ್ಲಿನ ಕೋಣೆಯ ಸಂಖ್ಯೆ ಕೈಗೆ ಎಟುಕುತ್ತದೆ, ಬೇರಿಲ್ಲ. ಬಾಲ್ಯದ ಸಹಪಾಠಿಯ ಮನೆತನದ ಹೆಸರಿಗೆ ಬೇರಿದೆ, ಎಷ್ಟು ತಡಕಿದರೂ ಎಟುಕದು. ಅಡುಗೆಕಟ್ಟೆಯ ಮೇಲಿನ ಸೌಟು ಮತ್ತು ಅಟ್ಟದ ಮೇಲಿನ ಹಿತ್ತಾಳೆ ಹಂಡೆಗೆ ಇರುವ ವ್ಯತ್ಯಾಸವಿದು. ಮುಖ್ಯವಾದ ಮಾತು ಮುಂದಿನದು: ಎಟುಕುವ ಬಲ ಹೆಚ್ಚಿರುವಾಗ ಮತ್ತೆ ನೆನಪಿಸಿಕೊಂಡರೆ ಬೇರಿಗೆ ಸಿಗುವ ಪೋಷಣೆ ಅತ್ಯಲ್ಪ, ಎಟುಕುವ ಬಲ ಕುಗ್ಗಿರುವಾಗ ತಿಣುಕಿ ಹೊರತೆಗೆದರೆ ಬೇರು ಬಹಳವಾಗಿ ಬಲಿಯುತ್ತದೆ. ಏಳನೆಯ ಸಲ ಓದುವಾಗ 'ಎಲ್ಲ ಬರುತ್ತದೆ' ಎನಿಸುತ್ತದಲ್ಲ, ಆ ನೆಮ್ಮದಿ ಸೌಟಿನದು. ಗಿಡದ ಬುಡದ ಮಣ್ಣು ಇನ್ನೂ ಒದ್ದೆಯಿರುವಾಗಲೇ ಸುರಿದ ನೀರು ಅದು, ಹರಿದುಹೋಗುತ್ತದೆ.

ಇದು ಬರೀ ಹೋಲಿಕೆಗಳ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೇ ಒಂದು ಗದ್ಯಭಾಗ ಕೊಟ್ಟು ನೋಡಿದರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿ ಬರೀ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಅನಂತರ ಕೇಳಿದಾಗ ಓದಿದವರದೇ ಮೇಲುಗೈ, ಶೇಕಡ 83ಕ್ಕೆ 71. ಒಂದು ವಾರದ ಅನಂತರ ಲೆಕ್ಕ ತಲೆಕೆಳಗಾಯಿತು: ಓದಿದವರಿಗೆ 40, ಬರೆದವರಿಗೆ 61. ಇನ್ನೊಂದು ವಿಷಾದದ ಸಂಗತಿಯೆಂದರೆ, ವಾರದ ಅನಂತರವೂ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಆತ್ಮವಿಶ್ವಾಸ ಹೆಚ್ಚಾಗಿದ್ದದ್ದು ಬರೀ ಓದಿದವರಲ್ಲಿ. ಈ ತಿಳಿವಳಿಕೆ ತೀರ ಹೊಸದೂ ಅಲ್ಲ. 1939ರಷ್ಟು ಹಿಂದೆಯೇ ಹರ್ಬರ್ಟ್ ಸ್ಪಿಟ್ಜರ್ ಅಮೆರಿಕದ ಅಯೋವಾ ರಾಜ್ಯದ 3605 ಆರನೆಯ ತರಗತಿಯ ಮಕ್ಕಳ ಮೇಲೆ ಪ್ರಯೋಗ ನಡೆಸಿ, ಓದಿದ ಸ್ವಲ್ಪ ಹೊತ್ತಿನಲ್ಲೇ ಒಂದು ಪರೀಕ್ಷೆ ಕೊಟ್ಟರೆ ಮರೆವು ತಗ್ಗುತ್ತದೆಂದು ತೋರಿಸಿದ್ದರು. ನಮ್ಮ ಶಾಲೆಗಳಲ್ಲಿ ಸಂಜೆ ಹೊತ್ತು ಮಗ್ಗಿ ಒಪ್ಪಿಸುತ್ತಿದ್ದುದರಲ್ಲಿಯೂ ಇದರ ಅರ್ಧ ಇತ್ತು. ಪುಸ್ತಕ ಮುಚ್ಚಿ ಒಪ್ಪಿಸುವುದು ಸರಿ. ಸಲೀಸಾಗಿ ಬರುವ ಎರಡರ ಮಗ್ಗಿಗೂ ತಡವರಿಸುವ ಹದಿನೇಳರ ಮಗ್ಗಿಗೂ ದಿನಕ್ಕೊಂದೊಂದು ಸರದಿ ಕೊಡುವುದು ದಂಡ.

ಸರದಿಯನ್ನು ಸರಿಪಡಿಸುವ ಉಪಾಯ ಮೊದಲು ಬಂದದ್ದು ರಟ್ಟಿನ ಪೆಟ್ಟಿಗೆಯ ರೂಪದಲ್ಲಿ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು 1970ರ ದಶಕದ ಆರಂಭದಲ್ಲಿ ಐದು ಖಾನೆಗಳ ಪೆಟ್ಟಿಗೆಯೊಂದನ್ನು ಪ್ರಚಾರಕ್ಕೆ ತಂದರು. ಸರಿಯುತ್ತರ ಕೊಟ್ಟ ಕಾರ್ಡು ಮುಂದಿನ ಖಾನೆಗೆ ಬಡ್ತಿ ಪಡೆಯುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಮರಳುತ್ತದೆ, ಕೊನೆಯ ಕಡೆಯ ಖಾನೆಗಳನ್ನು ಅಪರೂಪಕ್ಕೆ ತೆರೆಯಲಾಗುತ್ತದೆ. ಪೋಲೆಂಡಿನ ಪೊಜ್ನಾನ್ ನಗರದ ವಿದ್ಯಾರ್ಥಿ ಪಿಯೋಟ್ರ್ ವೋಜ್ನಿಯಾಕ್ ಒಂದು ಹೆಜ್ಜೆ ಮುಂದೆ ಹೋದರು. ತಾನು ಕಲಿಯುತ್ತಿದ್ದ ಇಂಗ್ಲಿಷ್ ಪದಗಳನ್ನೂ ಜೀವಶಾಸ್ತ್ರದ ಸಂಗತಿಗಳನ್ನೂ ಕಾಗದದ ಮೇಲೆ ಪರೀಕ್ಷಿಸುತ್ತಾ ಎಷ್ಟು ದಿನ ಬಿಟ್ಟು ಕೇಳಿದರೆ ಎಷ್ಟು ಮರೆವು ಎಂದು ಲೆಕ್ಕವಿಟ್ಟು, 1987ರ ಡಿಸೆಂಬರಿನಲ್ಲಿ ಅದನ್ನು ಕಂಪ್ಯೂಟರ್ ಪ್ರೋಗ್ರಾಮಾಗಿ ಬರೆದರು. ಅದೇ ಸೂಪರ್‌ಮೆಮೊ. ಅದರೊಳಗಿನ ಎಸ್‌ಎಂ-2 ಎಂಬ ಸೂತ್ರವನ್ನೇ ಆಂಕಿ ಸ್ವಲ್ಪ ತಿದ್ದಿ ವರ್ಷಗಟ್ಟಲೆ ಬಳಸಿತು.

ಸೂತ್ರ ಹೈಸ್ಕೂಲಿನ ಗುಣಾಕಾರಕ್ಕಿಂತ ಕಷ್ಟವಿಲ್ಲ. ಮೊದಲ ಪುನರಾವರ್ತನೆ ಒಂದು ದಿನಕ್ಕೆ, ಎರಡನೆಯದು ಅಲ್ಲಿಂದ ಆರು ದಿನಕ್ಕೆ. ಆಮೇಲೆ ಪ್ರತಿ ಅಂತರವನ್ನೂ ಒಂದು ಗುಣಕದಿಂದ ಗುಣಿಸಬೇಕು, ಆ ಗುಣಕ 2.5ರಿಂದ ಶುರು. ಭಿನ್ನರಾಶಿಗಳನ್ನು ಕೊನೆಯಲ್ಲಿ ದುಂಡುಮಾಡಿ ಹೇಳಿದರೆ, ಆರು ದಿನ ಹದಿನೈದಾಗುತ್ತದೆ, ಹದಿನೈದು ಮೂವತ್ತೆಂಟು, ಮೂವತ್ತೆಂಟು ತೊಂಬತ್ತನಾಲ್ಕು, ಅದು ಇನ್ನೂರ ಮೂವತ್ತನಾಲ್ಕು. ಸಾಲಗಾರನ ಎದೆ ನಡುಗಿಸುವ ಚಕ್ರಬಡ್ಡಿ ಇಲ್ಲಿ ನಿಮ್ಮ ಪರವಾಗಿ ದುಡಿಯುತ್ತದೆ: ಒಂದು ಸಂಗತಿಯನ್ನು ಹದಿಮೂರು ತಿಂಗಳು ಕಾಪಾಡಿಕೊಳ್ಳಲು ಆರೇ ಆರು ಭೇಟಿ ಸಾಕು. ಮೂಲ ಎಸ್‌ಎಂ-2ರಲ್ಲಿ ನೀವು ಕೊಡುವ ಉತ್ತರಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ; ಆಂಕಿಯ ನಾಲ್ಕು ಗುಂಡಿಗಳು ಅದರ ತಿದ್ದಿದ ರೂಪ. ಐದು ಬಂದರೆ ಗುಣಕ 0.1ರಷ್ಟು ಏರುತ್ತದೆ, ನಾಲ್ಕಕ್ಕೆ ಇದ್ದಲ್ಲೇ ಇರುತ್ತದೆ, ತಡವರಿಸಿ ಮೂರು ಪಡೆದರೆ 0.14ರಷ್ಟು ಇಳಿಯುತ್ತದೆ, ಎಷ್ಟೇ ಇಳಿದರೂ 1.3ರ ಕೆಳಗೆ ಹೋಗುವುದಿಲ್ಲ. ಮೂರಕ್ಕಿಂತ ಕಡಿಮೆ ಬಂತೋ, ಕಾರ್ಡು ಮತ್ತೆ ಒಂದನೆಯ ದಿನಕ್ಕೆ. ಹೀಗೆ ಎರಡರ ಮಗ್ಗಿ ತಿಂಗಳುಗಳಾಚೆ ಸರಿದುಹೋಗುತ್ತದೆ, ಹದಿನೇಳರದು ವಾರವಾರವೂ ಬಾಗಿಲು ತಟ್ಟುತ್ತದೆ. 2023ರಿಂದ ಆಂಕಿಯಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕವೂ ಇದೆ. ಅದು ಎಲ್ಲರಿಗೂ ಒಂದೇ ಸೂತ್ರ ಹಚ್ಚುವ ಬದಲು, ನಿಮ್ಮ ಹಳೆಯ ಉತ್ತರಗಳಿಂದ ನಿಮ್ಮದೇ ಮರೆವಿನ ರೇಖೆಯನ್ನು ಅಂದಾಜು ಮಾಡಿ, ನೆನಪಾಗುವ ಸಂಭವ ಶೇಕಡ 90ಕ್ಕೆ ಇಳಿಯುವ ದಿನ ಕಾರ್ಡನ್ನು ತೋರಿಸುತ್ತದೆ. ಆ 90ನ್ನು ನೀವೇ ಬದಲಿಸಬಹುದು, ಆದರೆ ಆಸೆಬುರುಕತನದಿಂದ 97ಕ್ಕೆ ಏರಿಸಿದರೆ ಕೆಲಸ ವಿಪರೀತ ಹೆಚ್ಚುತ್ತದೆ.

ಕಾರ್ಡು ಬರೆಯುವುದರಲ್ಲಿ ನಾನೇ ಎಡವಿದ್ದೇನೆ. ಯಾರೋ ಸಿದ್ಧಪಡಿಸಿದ ಎರಡು ಸಾವಿರ ಕಾರ್ಡುಗಳ ಕಟ್ಟನ್ನು ಇಳಿಸಿಕೊಂಡು, ಅರ್ಥವಾಗದ ವ್ಯಾಖ್ಯೆಗಳನ್ನು ಮೂರು ವಾರ ಗಿಳಿಯಂತೆ ಒಪ್ಪಿಸಿ ಕೈಬಿಟ್ಟೆ. ತಿಳಿಯದ್ದನ್ನು ತಿಳಿಸಿಕೊಡುವ ಶಕ್ತಿ ಈ ತಂತ್ರಾಂಶಕ್ಕಿಲ್ಲ, ತಿಳಿದದ್ದು ಜಾರದಂತೆ ಹಿಡಿಯಬಲ್ಲದು ಅಷ್ಟೇ. ಕಾರ್ಡು ಚಿಕ್ಕದಾಗಿರಬೇಕು. ವೈದ್ಯಕೀಯ ವಿದ್ಯಾರ್ಥಿ 'ಹನ್ನೆರಡು ಕಪಾಲ ನರಗಳನ್ನು ಹೆಸರಿಸಿ' ಎಂಬ ಒಂದೇ ಕಾರ್ಡು ಮಾಡಿದರೆ ಹನ್ನೊಂದು ಹೇಳಿ ಒಂದು ತಪ್ಪಿದಾಗ ಯಾವ ಗುಂಡಿ ಒತ್ತಬೇಕು? 'ಏಳನೆಯ ಕಪಾಲ ನರ ಯಾವುದು', ಮುಖದ ನರ, ಅಲ್ಲಿಗೆ ಮುಗಿಯಬೇಕು. ಕನ್ನಡ ಎಂ.ಎ. ಓದುವವರು 'ಪೊೞಲ್' ಎಂದು ಮುಂದೆ, 'ಪಟ್ಟಣ' ಎಂದು ಹಿಂದೆ ಬರೆದುಕೊಳ್ಳಬಹುದು. ಯೂನಿಕೋಡಿನಲ್ಲಿ ಟೈಪಿಸಿದ ಕನ್ನಡ ಇಲ್ಲಿ ಚೆನ್ನಾಗಿಯೇ ಮೂಡುತ್ತದೆ, ಹಳೆಯ ಫಾಂಟುಗಳಲ್ಲಿರುವ ಟಿಪ್ಪಣಿಗಳನ್ನು ಮಾತ್ರ ಮೊದಲು ಪರಿವರ್ತಿಸಬೇಕು. ಗಣಿತದ ಪ್ರಮೇಯಗಳ ಸಾಧನೆಗಳು, ಲೆಕ್ಕ ಬಿಡಿಸುವ ಚಾಕಚಕ್ಯತೆ, ಪ್ರಬಂಧದ ವಾದ ಇವುಗಳಿಗೆ ಇದು ಒಗ್ಗದು, ಅವಕ್ಕೆ ಹಾಳೆ ಮತ್ತು ಬೆವರೇ ಗತಿ.

ಕೊನೆಯದಾಗಿ ಹೊರೆಯ ಲೆಕ್ಕ. ದಿನಕ್ಕೆ ಹತ್ತು ಹೊಸ ಕಾರ್ಡು ಸೇರಿಸುತ್ತೀರಿ ಎಂದುಕೊಳ್ಳಿ. ಮೇಲಿನ ಸೂತ್ರದ ಪ್ರಕಾರ ಪ್ರತಿ ಕಾರ್ಡೂ 1, 7, 22, 60ನೆಯ ದಿನಗಳಲ್ಲಿ ಮರಳುತ್ತದೆ, ಆದ್ದರಿಂದ ಎರಡು ತಿಂಗಳು ಕಳೆದ ಮೇಲೆ ದಿನವೂ ನಲವತ್ತು ಹಳೆಯ ಕಾರ್ಡುಗಳು, ಜೊತೆಗೆ ತಪ್ಪಿದವು ಕೆಲವು. ಕಾರ್ಡಿಗೆ ಹತ್ತು ಸೆಕೆಂಡಿನಂತೆ ಹಿಡಿದರೆ ಹಳೆಯವಕ್ಕೆ ಏಳೆಂಟು ನಿಮಿಷ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಮುಗಿಯುತ್ತದೆ. ಹಬ್ಬಕ್ಕೆಂದು ಊರಿಗೆ ಹೋಗಿ ಹತ್ತು ದಿನ ಮುಟ್ಟದೆ ಬಂದರೆ ಮುನ್ನೂರರ ಆಸುಪಾಸು ಕಾರ್ಡುಗಳು ಕಾದುಕೂತಿರುತ್ತವೆ, ಬಹಳ ಮಂದಿ ಆ ಸಂಖ್ಯೆಯನ್ನು ಕಂಡೇ ಆಂಕಿಯನ್ನು ಅಳಿಸಿಹಾಕುವುದು. ಹಾಗೆ ಮಾಡಬೇಕಾಗಿಲ್ಲ. ಹೊಸ ಕಾರ್ಡುಗಳ ಮಿತಿಯನ್ನು ಸೊನ್ನೆಗೆ ಇಳಿಸಿ, ದಿನಕ್ಕೆ ನೂರರಂತೆ ಬಗೆಹರಿಸುತ್ತಾ ಹೋದರೆ ನಾಲ್ಕೈದು ದಿನಗಳಲ್ಲಿ ಬಾಕಿ ತೀರುತ್ತದೆ; ಅಷ್ಟರಲ್ಲಿ ಮರೆತುಹೋಗಿರುವ ಕೆಲವು ಕಾರ್ಡುಗಳು ಒಂದನೆಯ ದಿನಕ್ಕೆ ಮರಳುತ್ತವೆ, ಎಬ್ಬಿಂಗ್‌ಹೌಸ್ ಅಳೆದ ಉಳಿತಾಯ ಕೈಗೆ ಬರುವುದು ಅವುಗಳನ್ನು ಎರಡನೆಯ ಸಲ ಕಲಿಯುವಾಗಲೇ.