ಕಡಲ ಗಾಳಿಯಲ್ಲಿನ ಗಂಧಕ ಯಾರದು?

ಮುಂಬಯಿಯ ದಾದರಿನ ನಮ್ಮ ಕಟ್ಟಡದಲ್ಲಿ ಮಲ್ಪೆ ಕಡೆಯ ಹಿರಿಯರೊಬ್ಬರಿದ್ದಾರೆ. ಬೆಳಗಿನ ಜಾವಕ್ಕೇ ಎದ್ದು ಶಿವಾಜಿ ಪಾರ್ಕ್ ಚೌಪಾಟಿಗೆ ನಡೆಯುವವರು. ಒಂದು ಡಿಸೆಂಬರಿನಲ್ಲಿ ಲಿಫ್ಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು: “ಕಡಲ ಗಾಳಿ ಮೈಗೆ ಒಳ್ಳೆಯದೆಂದು ನಮ್ಮ ಅಮ್ಮ ಹೇಳುತ್ತಿದ್ದರು. ಈಗ ನೋಡಿದರೆ ಕಡಲಿನಿಂದಲೇ ಗಂಧಕ ಬರುತ್ತದಂತೆ. ನೀವು ಗಾಳಿ ಅಳೆಯುವವರಲ್ಲವೇ, ಹೇಳಿ ಮಾರಾಯರೇ, ನಾನು ಹೋಗುವುದೋ ಬಿಡುವುದೋ?”

ಗಂಧಕ ಬರುವುದು ನಿಜ. ಅದಕ್ಕೆ ವಾಸನೆಯೂ ಇದೆ. ತೀರ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಕಡಲು ತಿಳಿಯುತ್ತದಲ್ಲ, ಅದರಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಪಾಲಿದೆ. ಎಲೆಕೋಸು ಬೇಯುವಾಗ ಅಡುಗೆಮನೆ ತುಂಬುವುದೂ ಇದೇ. (ಸಸೂನ್ ಡಾಕಿನ ಮೀನಿನ ವಾಸನೆ ಬೇರೆ, ಅದು ಅಮೈನುಗಳೆಂಬ ನೈಟ್ರೋಜನ್ ಸಂಯುಕ್ತಗಳದ್ದು.) ಕಡಲಿನ ಮೇಲ್ಪದರದ ಸೂಕ್ಷ್ಮ ಪಾಚಿಗಳು ಗಂಧಕದ ಸಂಯುಕ್ತವೊಂದನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತವೆ. ಪಾಚಿ ಸತ್ತಾಗ, ಇಲ್ಲವೇ ಅದನ್ನು ಬೇರೆ ಜೀವಿಗಳು ತಿಂದಾಗ ಅದು ನೀರಿಗೆ ಸೇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಈ ಅನಿಲ ಹುಟ್ಟುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಇದಕ್ಕೆ ಕೊರತೆಯಿಲ್ಲ. ಮುಂಗಾರಿನ ಕೊನೆಯಲ್ಲಿ ಗೋವಾ ತೀರದಾಚೆಯ ಆಳದ ನೀರಿನಲ್ಲಿ ಆಮ್ಲಜನಕ ಮುಗಿದುಹೋಗುವ ದಿನಗಳಲ್ಲಿ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇದನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ಅಳೆದಿದ್ದಾರೆ.

ಗಾಳಿ ಸೇರಿದ ಅನಿಲ ಒಂದೆರಡು ದಿನಗಳಲ್ಲಿ ರೂಪ ಬದಲಿಸುತ್ತದೆ. ಒಂದು ಭಾಗ ಸಲ್ಫರ್ ಡೈಆಕ್ಸೈಡ್ ಆಗಿ, ಅಲ್ಲಿಂದ ಗಂಧಕಾಮ್ಲವಾಗಿ, ಅಮೋನಿಯಾ ಸಿಕ್ಕಿದರೆ ಅಮೋನಿಯಂ ಸಲ್ಫೇಟ್ ಕಣವಾಗುತ್ತದೆ. ಇದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಲೆಕ್ಕದೊಳಗೆ ಬರುವಷ್ಟು ಸಣ್ಣದು. ಇನ್ನೊಂದು ಭಾಗ ಮೀಥೇನ್ ಸಲ್ಫೋನಿಕ್ ಆಮ್ಲವಾಗುತ್ತದೆ. ನನ್ನ ಕೆಲಸಕ್ಕೆ ಬೇಕಾದದ್ದು ಈ ಎರಡನೆಯದೇ.

ಏಕೆಂದರೆ ಸಲ್ಫೇಟಿನ ಮೇಲೆ ಹೆಸರು ಬರೆದಿರುವುದಿಲ್ಲ. ಪಾಚಿಯಿಂದ ಬಂದದ್ದೂ ಟ್ರಾಂಬೆಯ ಕಾರ್ಖಾನೆ ಚಿಮಣಿಯಿಂದ ಬಂದದ್ದೂ ನಾವು ಗಾಳಿಯ ಕಣ ಹಿಡಿಯುವ ಫಿಲ್ಟರಿನ ಮೇಲೆ ಒಂದೇ. ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಬಂದ ಪರಿಸರ ವರದಿಯ ಕರಡೊಂದು ಸಲ್ಫೇಟಿನ ದೊಡ್ಡ ಪಾಲನ್ನು “ಸಾಗರಮೂಲ, ನೈಸರ್ಗಿಕ” ಎಂದು ಬದಿಗಿರಿಸಿತ್ತು. ನನಗೆ ಸಿಟ್ಟು ಬಂತು. ಜುಲೈನ ಮಾದರಿಗಳಿಂದ ತೆಗೆದ ಅನುಪಾತವನ್ನು ಇಡೀ ವರ್ಷಕ್ಕೆ ಹಚ್ಚಿದ್ದರು.

ಜುಲೈನ ಫಿಲ್ಟರನ್ನು ಡಿಸೆಂಬರಿನದರ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ 47 ಮಿಲಿಮೀಟರಿನ ಬಿಲ್ಲೆಗಳು, ಎರಡರ ಮೂಲಕವೂ ದಿನಪೂರ್ತಿ ಸುಮಾರು 24 ಘನ ಮೀಟರ್ ಗಾಳಿ ಹಾದಿದೆ. ಜುಲೈನದು ಹೆಚ್ಚುಕಡಿಮೆ ಹೊಸದರಂತೆ ಬಿಳಿ. ಡಿಸೆಂಬರಿನದು ಒಲೆಯ ಹಿಂದಿನ ಗೋಡೆಯ ಬಣ್ಣ. ಅದನ್ನು ಕತ್ತರಿಸಿ, ನೀರಿನಲ್ಲಿ ಕರಗುವುದನ್ನು ಕರಗಿಸಿ ಸೋಡಿಯಂ, ಸಲ್ಫೇಟ್ ಮೊದಲಾದ ಅಯಾನುಗಳನ್ನು ಅಳೆಯುತ್ತೇವೆ. ಕಡಲುಪ್ಪಿನಲ್ಲಿ ಒಂದು ಗ್ರಾಂ ಸೋಡಿಯಂ ಜೊತೆಗೆ 0.25 ಗ್ರಾಂ ಸಲ್ಫೇಟ್ ಇರುತ್ತದೆ. ಸೋಡಿಯಂ ನೋಡಿ ಉಪ್ಪಿನ ಪಾಲನ್ನು ಕಳೆಯಬಹುದು. ಪಾಚಿಯ ಪಾಲಿಗೆ ಮೀಥೇನ್ ಸಲ್ಫೋನಿಕ್ ಆಮ್ಲವೇ ಸಾಕ್ಷಿ, ಅದು ಬಹುಮಟ್ಟಿಗೆ ಡೈಮೀಥೈಲ್ ಸಲ್ಫೈಡಿನಿಂದಲೇ ಹುಟ್ಟುವುದು. ಬೆಚ್ಚಗಿನ ಸಾಗರದ ಮೇಲೆ ಅದರ ಸುಮಾರು 15ರಿಂದ 20 ಪಟ್ಟು ಸಲ್ಫೇಟ್ ಪಾಚಿಯಿಂದ ಬಂದಿರುತ್ತದೆ. ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಘನ ಮೀಟರಿಗೆ ಸಲ್ಫೇಟ್ 9 ಮೈಕ್ರೋಗ್ರಾಂ, ಸೋಡಿಯಂ 2, ಆ ಆಮ್ಲ 0.02 ಎಂದಿಟ್ಟುಕೊಳ್ಳಿ. ಉಪ್ಪಿನ ಪಾಲು 0.5, ಪಾಚಿಯದು ಹೆಚ್ಚೆಂದರೆ 0.4. ಉಳಿದ ಸುಮಾರು 8ಕ್ಕೆ ಕಡಲನ್ನು ಹೊಣೆ ಮಾಡಲಾಗದು. ಮುಂಗಾರಿನಲ್ಲಿ ಒಟ್ಟು ಸಲ್ಫೇಟ್ ಕುಸಿಯುವುದರಿಂದ ಕಡಲಿನ ಶೇಕಡಾವಾರು ಪಾಲು ಏರುತ್ತದೆ. ಕರಡು ಬರೆದವರು ಎಡವಿದ್ದು ಅಲ್ಲೇ.

ಕಡಲ ಕಡೆಯಿಂದ ಬಂದದ್ದೆಲ್ಲ ಕಡಲಿನದೂ ಅಲ್ಲ. ಹಡಗಿನ ಇಂಧನದಲ್ಲಿ ಗಂಧಕದ ಮಿತಿ 2020ರ ಜನವರಿ 1ರಂದು ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ದೊಡ್ಡ ಸುಧಾರಣೆಯೇ, ಆದರೆ ನಮ್ಮ ವಾಹನಗಳ ಬಿಎಸ್ 6 ಮಾನದಂಡದ ಡೀಸೆಲಿಗಿರುವ ಮಿತಿಯ 500 ಪಟ್ಟು ಅದು. ಇನ್ನು ಚಳಿಗಾಲದ ರಾತ್ರಿ ನೆಲಗಾಳಿ ನಗರದ ಹೊಗೆಯನ್ನು ನೀರಿನ ಮೇಲಕ್ಕೆ ತಳ್ಳುತ್ತದೆ. ಅದರಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಓಝೋನಿನ ಜೊತೆ ಸೇರಿ, ಬಹುಬೇಗ ಪ್ರತಿಕ್ರಿಯಿಸುವ ನೈಟ್ರೇಟ್ ರ‍್ಯಾಡಿಕಲ್ ಆಗುತ್ತವೆ. ಕತ್ತಲಲ್ಲಿ ಪಾಚಿಯ ಅನಿಲವನ್ನು ಉತ್ಕರ್ಷಿಸಿ ರೂಪ ಬದಲಿಸುವುದು ಮುಖ್ಯವಾಗಿ ಅದೇ. ಹಾಗಾಗಿ ಪಾಚಿಯ ಗಂಧಕ ಕಣವಾಗುವ ಕೆಲಸದಲ್ಲೂ ನಮ್ಮ ವಾಹನಗಳ ಕೈಯಿದೆ. ಮಧ್ಯಾಹ್ನ ಕಡಲ ಗಾಳಿ ಬೀಸತೊಡಗಿದಾಗ ರಾತ್ರಿ ಹೋದ ಹೊಗೆಯಲ್ಲಿ ಒಂದಷ್ಟು ಹಿಂದಿರುಗುತ್ತದೆ. 1999ರ ಆರಂಭದಲ್ಲಿ ನಡೆದ ಇಂಡೋಎಕ್ಸ್ ಎಂಬ ಗಾಳಿ ಅಳೆಯುವ ಪ್ರಯೋಗ ಇಂಥ ಹೊಗೆಯ ಕಂದು ಮಬ್ಬನ್ನು ಹಿಂದೂ ಮಹಾಸಾಗರದ ಮೇಲೆ ಬಹುದೂರದವರೆಗೆ ಕಂಡಿತ್ತು.

ಹಿರಿಯರಿಗೆ ನಾನು ಹೇಳಿದ್ದಿಷ್ಟು. ಹೋಗಿ, ಆದರೆ ಹೊತ್ತು ಬದಲಿಸಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಚೌಪಾಟಿಯಲ್ಲಿ ಬೀಸುವುದು ಸಾಮಾನ್ಯವಾಗಿ ಕಡಲ ಗಾಳಿಯಲ್ಲ, ಬೆನ್ನ ಹಿಂದಿನ ನಗರದ ಗಾಳಿ. ತಣ್ಣಗಿನ ನೆಲದ ಮೇಲೆ ಹೊಗೆ ಮೇಲೇರದೆ ತಗ್ಗಿನಲ್ಲೇ ನಿಂತಿರುತ್ತದೆ. ಮೂರು ಗಂಟೆಯ ಮೇಲೆ, ಗಾಳಿ ತಿರುಗಿ ಪಶ್ಚಿಮದ ಕಡಲಿನಿಂದ ಬೀಸತೊಡಗಿದ ಬಳಿಕ ಹೋದರೆ ಅಮ್ಮ ಹೇಳಿದ ಗಾಳಿ ಅಷ್ಟಿಷ್ಟು ಸಿಗುತ್ತದೆ. ಅಂಗಿಯ ತುದಿ ಯಾವ ಕಡೆಗೆ ಹಾರುತ್ತದೆಂದು ನೋಡಿಕೊಳ್ಳಿ ಎಂದೆ. ಈಗ ಅವರು ಸಂಜೆ ಹೊರಡುತ್ತಾರೆ. ಗಾಳಿ ತಿರುಗದ ದಿನ ಲಿಫ್ಟಿನ ಬಳಿ ನನಗೆ ವರದಿ ಒಪ್ಪಿಸುತ್ತಾರೆ.